ಟೈರನಿಡ್ ಹಿಂಡಿನಲ್ಲಿ ಯಾರನ್ನು ಟೇಬಲ್‌ಗೆ ಇಳಿಸಬೇಕು?

ಪ್ರಶ್ನೆ: ಹಾಸನದಲ್ಲಿ ನಾವು ನಾಲ್ಕು ಜನ ಗೆಳೆಯರು ಭಾನುವಾರ ಸೇರಿ ವಾರ್‌ಹ್ಯಾಮರ್ 40,000 ಆಡುತ್ತೇವೆ (ಪುಟ್ಟ ಗೊಂಬೆಗಳ ಸೈನ್ಯ ಇಟ್ಟು, ದಾಳ ಉರುಳಿಸಿ ಆಡುವ ಯುದ್ಧದ ಆಟ; ಪ್ರತಿ ಯೂನಿಟ್, ಅಂದರೆ ಗೊಂಬೆಗಳ ಗುಂಪಿಗೂ ಪಾಯಿಂಟ್ ಲೆಕ್ಕದ ಬೆಲೆ ಇರುತ್ತದೆ), 1000 ಪಾಯಿಂಟ್‌ನ ಆಟ. ನನ್ನದು ಟೈರನಿಡ್ಸ್, ಅನ್ಯಗ್ರಹ ಜೀವಿಗಳ ಹಿಂಡು. ಹೈವ್ ಟೈರಂಟ್, ಎರಡು ಕಾರ್ನಿಫೆಕ್ಸ್, ಒಂದು ಸ್ಕ್ರೀಮರ್ ಕಿಲ್ಲರ್, ಇನ್ನೂ ಒಂದೆರಡು ದೊಡ್ಡ ಜೀವಿಗಳನ್ನು ಇಳಿಸುತ್ತೇನೆ. 20 ಟರ್ಮಗಾಂಟ್ ಅನ್ನುವ ಚಿಕ್ಕ ಜೀವಿಗಳೂ ಇವೆ, ಆದರೆ ಅವು ಯಾರನ್ನೂ ಕೊಲ್ಲುವುದಿಲ್ಲ ಅಂತ ಡಬ್ಬದಲ್ಲೇ ಬಿಟ್ಟಿದ್ದೇನೆ. ಒಬ್ಬ ಗೆಳೆಯನ ಸ್ಪೇಸ್ ಮರೀನ್ಸ್ (ಕವಚ ತೊಟ್ಟ ಯೋಧರು) ಎದುರು ಹೇಗೋ ನಿಲ್ಲುತ್ತೇನೆ. ಇನ್ನೊಬ್ಬನದು ಆಸ್ಟ್ರಾ ಮಿಲಿಟಾರಮ್, ಮನುಷ್ಯರ ಸೈನ್ಯ, ಮೂರು ಲೀಮನ್ ರಸ್ ಟ್ಯಾಂಕ್ ಇಟ್ಟುಕೊಂಡಿದ್ದಾನೆ. ಮೂರನೇ ರೌಂಡ್ ಮುಗಿಯುವಷ್ಟರಲ್ಲಿ ನನ್ನದೆಲ್ಲ ಖಾಲಿ. ಯಾವ ಯೂನಿಟ್ ತಗೊಂಡರೆ ಉಪಯೋಗ? ನಾರ್ನ್ ಎಮಿಸರಿ ಅನ್ನುವ ಭಾರೀ ಜೀವಿ ಕೊಳ್ಳಬೇಕು ಅಂತ ಆಸೆ ಇದೆ, ಕೊಳ್ಳಲಾ?

ಉತ್ತರ: ಮೊದಲು ಆ 20 ಟರ್ಮಗಾಂಟ್‌ಗಳನ್ನು ಡಬ್ಬದಿಂದ ಹೊರಗೆ ತೆಗೆಯಿರಿ. ನಿಮ್ಮ ಹತ್ತಿರ ಈಗ ಇರುವುದರಲ್ಲಿ ಆಟ ಗೆಲ್ಲಿಸುವ ಶಕ್ತಿ ಜಾಸ್ತಿ ಇರುವುದು ಅವಕ್ಕೇ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿ ತೋರಿಸುತ್ತೇನೆ.

ನಾನು ಹೇಳುವುದೆಲ್ಲ 2023ರಲ್ಲಿ ಬಂದ 10ನೇ ಆವೃತ್ತಿಯ ನಿಯಮದ ಪ್ರಕಾರ. ಯೂನಿಟ್‌ಗಳ ಪಾಯಿಂಟ್ ವರ್ಷದಲ್ಲಿ ಹಲವು ಸಲ ಬದಲಾಗುತ್ತದೆ. ಹಾಗಾಗಿ ಪಾಯಿಂಟ್‌ಗಳನ್ನು ಇಲ್ಲಿ ಬರೆಯುವುದಿಲ್ಲ, ಪಟ್ಟಿ ಮಾಡುವ ದಿನ ಹೊಸ ದರ ನೋಡಿಕೊಳ್ಳಿ. ಯಾವ ಯೂನಿಟ್‌ಗೆ ಯಾವ ಕೆಲಸ ಅನ್ನೋದು ಅಷ್ಟು ಬೇಗ ಬದಲಾಗುವುದಿಲ್ಲ.

ಈ ಆಟದಲ್ಲಿ ಅಂಕ ಎಲ್ಲಿಂದ ಬರುತ್ತದೆ ನೋಡಿ. ಟೂರ್ನಿಗಳಲ್ಲಿ ಆಡುವ ರೀತಿಯಲ್ಲಿ ಒಟ್ಟು 100 ಅಂಕ. ಅದರಲ್ಲಿ 50 ಆಬ್ಜೆಕ್ಟಿವ್, ಅಂದರೆ ಟೇಬಲ್ ಮೇಲೆ ಗುರುತು ಹಾಕಿದ ಜಾಗ, ಹಿಡಿಯುವಂಥ ಮುಖ್ಯ ಗುರಿಗೆ, 40 ಚಿಕ್ಕ ಗುರಿಗಳಿಗೆ, ಉಳಿದ 10 ಸೈನ್ಯಕ್ಕೆ ಬಣ್ಣ ಹಚ್ಚಿ ತಂದಿದ್ದಕ್ಕೆ. ಚಿಕ್ಕ ಗುರಿಗಳಲ್ಲಿ ಕೆಲವು ಶತ್ರುವನ್ನು ಕೊಂದರೆ ಸಿಗುತ್ತವೆ, ನಿಜ. ಆದರೆ ಬಹುಪಾಲು ಅಂಕ ಬರುವುದು ಸರಿಯಾದ ಜಾಗದಲ್ಲಿ ನಿಂತಿದ್ದಕ್ಕೆ. ಐದು ರೌಂಡ್ ಮುಗಿದಾಗ ನಿಮ್ಮದು ನಾಲ್ಕೇ ಗಾಂಟ್ (ಟರ್ಮಗಾಂಟ್‌ನಂಥ ಚಿಕ್ಕ ಜೀವಿ) ಉಳಿದಿದ್ದರೂ ನೀವು ಗೆದ್ದಿರಬಹುದು. ಟೈರನಿಡ್ಸ್ ಆಡುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ್ದು ಇದು. ನಮ್ಮ ಜೀವಿಗಳು ಸಾಯುತ್ತವೆ. ಸಾಯುವ ಮುಂಚೆ ಎಲ್ಲಿ ನಿಂತಿದ್ದವು ಅನ್ನೋದೇ ಲೆಕ್ಕಕ್ಕೆ ಬರುವುದು.

ಆಬ್ಜೆಕ್ಟಿವ್ ಯಾರದ್ದು ಅಂತ ತೀರ್ಮಾನ ಮಾಡುವುದು ಓಸಿ (ಆಬ್ಜೆಕ್ಟಿವ್ ಕಂಟ್ರೋಲ್) ಅನ್ನುವ ಸಂಖ್ಯೆ. ಗುರುತಿನಿಂದ 3 ಇಂಚಿನೊಳಗೆ ನಿಂತ ಮಾಡೆಲ್‌ಗಳ ಓಸಿ ಕೂಡಿಸಿ, ಯಾರದ್ದು ಜಾಸ್ತಿಯೋ ಅವರದ್ದು ಆ ಜಾಗ. ಒಂದು ಟರ್ಮಗಾಂಟ್‌ನ ಓಸಿ 2. ಹತ್ತು ನಿಂತರೆ 20. ಲೀಮನ್ ರಸ್‌ನ ಓಸಿ 3. ನಿಮ್ಮ ಹತ್ತರಲ್ಲಿ ಆರು ಸತ್ತರೂ ಉಳಿದ ನಾಲ್ಕರ ಓಸಿ 8 ಆಯಿತು. ಎರಡು ರಸ್ ಪಕ್ಕ ಪಕ್ಕ ಬಂದು ನಿಂತರೂ 6 ತಾನೇ? ಜಾಗ ಇನ್ನೂ ನಿಮ್ಮದೇ.

ಇನ್ನು ನಿಮ್ಮ ಗೆಳೆಯನ ಟ್ಯಾಂಕ್ ನಿಮ್ಮ ಮೇಲೆ ಹೊಡೆದಾಗ ಏನಾಗುತ್ತಿದೆ ಅಂತ ನೋಡೋಣ. ರಸ್‌ನ ದೊಡ್ಡ ಫಿರಂಗಿ ಒಂದು ದಾಳ ಉರುಳಿಸಿ 3 ಕೂಡಿಸಿದಷ್ಟು ಗುಂಡು ಹೊಡೆಯುತ್ತದೆ. ಸ್ಟ್ರೆಂತ್ (ಹೊಡೆತದ ಬಲ) 10, ಸೇವ್ (ಪೆಟ್ಟು ತಡೆಯಲು ದಾಳದಲ್ಲಿ ಬೀಳಬೇಕಾದ ಅಂಕಿ; 2+ ಅಂದರೆ 2 ಅಥವಾ ಹೆಚ್ಚು) ಒಂದು ಹೆಜ್ಜೆ ಕೆಡಿಸುತ್ತದೆ, ಒಂದೊಂದು ಗುಂಡು 3 ವೂಂಡ್ (ಜೀವದ ಅಂಕ) ತೆಗೆಯುತ್ತದೆ. ಕಾರ್ನಿಫೆಕ್ಸ್‌ನ ಟಫ್‌ನೆಸ್ 9 (ಸ್ಟ್ರೆಂತ್‌ಗೆ ಎದುರು ನಿಲ್ಲುವ ಗಟ್ಟಿತನ), ಸೇವ್ 2+, ವೂಂಡ್ 8. ವಿಶೇಷ ಆದೇಶ ಏನೂ ಇಲ್ಲದೆ ಹೊಡೆದರೆ ಸರಾಸರಿ 2ಕ್ಕಿಂತ ಸ್ವಲ್ಪ ಹೆಚ್ಚು ವೂಂಡ್ ಹೋಗುತ್ತದೆ, ಅಂದರೆ ನಿಮ್ಮ ಕಾರ್ನಿಫೆಕ್ಸ್‌ನ ಕಾಲು ಭಾಗ. ಅದೇ ಟ್ಯಾಂಕಿನ ಇನ್ನೊಂದು ಗನ್ ಆದ ಲ್ಯಾಸ್‌ಕ್ಯಾನನ್‌ನ ಒಂದು ಗುಂಡು ಒಳಗೆ ಹೋದರೆ ಸರಾಸರಿ ನಾಲ್ಕೂವರೆ. ಅಂಥ ಎರಡು ಬಿದ್ದರೆ ಕಾರ್ನಿಫೆಕ್ಸ್ ಮಲಗಿತು.

ಅದೇ ಫಿರಂಗಿಯನ್ನು ಹತ್ತು ಟರ್ಮಗಾಂಟ್‌ಗಳ ಕಡೆ ತಿರುಗಿಸಲಿ. ಅದು ಬ್ಲಾಸ್ಟ್ ಆಯುಧ. ಎದುರಿನ ಯೂನಿಟ್‌ನಲ್ಲಿ ಐದು ಮಾಡೆಲ್‌ಗೆ ಒಂದರಂತೆ ಗುಂಡು ಜಾಸ್ತಿಯಾಗುತ್ತದೆ, ಹತ್ತಕ್ಕೆ ಎರಡು. ಹಾಗಿದ್ದೂ ಸರಾಸರಿ ಸಾಯುವುದು ಮೂರು ಗಾಂಟ್, ಅಷ್ಟೇ. ಗೋಡೆಯ ಮರೆ ಇದ್ದರೆ ಅದಕ್ಕಿಂತ ಕಡಿಮೆ. 3 ವೂಂಡ್ ತೆಗೆಯುವ ಗುಂಡು 1 ವೂಂಡ್‌ನ ಜೀವಿಯ ಮೇಲೆ ಬಿದ್ದರೆ ಉಳಿದ 2 ಮಣ್ಣುಪಾಲು. ಲ್ಯಾಸ್‌ಕ್ಯಾನನ್ ಅಂತೂ ಒಂದು ಗಾಂಟ್ ಕೊಂದು ಸುಮ್ಮನಾಗುತ್ತದೆ. ಹತ್ತು ಟರ್ಮಗಾಂಟ್‌ಗೆ ಕೊಡುವ ಪಾಯಿಂಟ್ ಒಂದು ಕಾರ್ನಿಫೆಕ್ಸ್‌ಗೆ ಕೊಡುವುದರ ಸುಮಾರು ಅರ್ಧ. ಈಗ ಹೇಳಿ, ನಿಮ್ಮ ಗೆಳೆಯನಿಗೆ ಯಾವುದರ ಮೇಲೆ ಹೊಡೆಯುವುದು ಲಾಭ? ನೀವು ಬರೀ ದೊಡ್ಡ ಜೀವಿಗಳನ್ನು ಇಳಿಸಿ ಅವನ ಪ್ರತಿಯೊಂದು ದೊಡ್ಡ ಗುಂಡಿಗೂ ಒಳ್ಳೆಯ ಗುರಿ ಒದಗಿಸುತ್ತಿದ್ದೀರಿ. ಮೂರನೇ ರೌಂಡ್‌ಗೆ ಖಾಲಿಯಾಗುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಹಾಗಂತ ದೊಡ್ಡವನ್ನೆಲ್ಲ ಬಿಟ್ಟು ಬರೀ ಗಾಂಟ್ ತುಂಬಿಸಬೇಡಿ. ಅವನು ಫಿರಂಗಿ ತೆಗೆದು ರಾಶಿ ಗುಂಡು ಸುರಿಸುವ ಪನಿಶರ್ ರಸ್ ತಂದರೆ ಗಾಂಟ್‌ಗಳು ಒಂದೇ ಟರ್ನ್‌ನಲ್ಲಿ ಗುಡಿಸಿಹೋಗುತ್ತವೆ. ಎರಡೂ ಇರಬೇಕು. ಎರಡೂ ಇದ್ದಾಗ ಅವನು ಯಾವ ಆಯುಧ ತಂದರೂ ನಿಮ್ಮ ಅರ್ಧ ಸೈನ್ಯದ ಎದುರು ಅದು ದಂಡ. ನಿಮಗೆ ಬೇಕಾಗಿರುವ ಅನುಕೂಲ ಇದೇ.

ಸರಿ, ಗಾಂಟ್ ಜಾಗ ಹಿಡಿಯುತ್ತದೆ, ಟ್ಯಾಂಕ್ ಯಾರು ಒಡೆಯುತ್ತಾರೆ? ಟರ್ಮಗಾಂಟ್ ಅಂತೂ ಅಲ್ಲ. 20 ಟರ್ಮಗಾಂಟ್ ಒಟ್ಟಿಗೆ ಒಂದು ರಸ್ ಮೇಲೆ ಹೊಡೆದರೆ ಸರಾಸರಿ ಕಾಲು ವೂಂಡ್ ಹೋಗುತ್ತದೆ. ಅದಕ್ಕಿರುವುದು 13. ಐದು ರೌಂಡ್ ಪೂರ್ತಿ ಹೊಡೆದರೂ ಒಂದು, ಒಂದೂವರೆ. ನೀವು ಹೇಳಿದ ಮಾತು ಇಲ್ಲಿ ನೂರಕ್ಕೆ ನೂರು ನಿಜ. ಅವನ್ನು ಕೊಲ್ಲುವ ಕೆಲಸಕ್ಕೆ ಕಳಿಸಲೇಬಾರದು.

ಟ್ಯಾಂಕ್ ಒಡೆಯಲು ನನ್ನ ಮೊದಲ ಆಯ್ಕೆ ರಪ್ಚರ್ ಕ್ಯಾನನ್ ಹಿಡಿದ ಟೈರನೊಫೆಕ್ಸ್. 48 ಇಂಚು ದೂರ ಹೋಗುತ್ತದೆ. ಸ್ಟ್ರೆಂತ್ 18, ಹಾಗಾಗಿ ರಸ್‌ನ ಟಫ್‌ನೆಸ್ 11ರ ಎದುರು 3+ ಬಿದ್ದರೆ ಸಾಕು. ಸೇವ್ ನಾಲ್ಕು ಹೆಜ್ಜೆ ಕೆಡುವುದರಿಂದ ಅವನ 2+ ಸೇವ್ 6+ಗೆ ಇಳಿಯುತ್ತದೆ. ಒಳಗೆ ಹೋದ ಒಂದೊಂದು ಗುಂಡಿಗೆ ಒಂದು ದಾಳ ಮತ್ತು 6 ವೂಂಡ್, ಕನಿಷ್ಠ ಅಂದರೂ 7. ಇರುವುದು ಎರಡೇ ಗುಂಡು, ಎರಡೂ ಒಳಗೆ ಹೋದರೆ ಕನಿಷ್ಠ 14. ತುಂಬು ಆರೋಗ್ಯದ ರಸ್ ಅಲ್ಲೇ ಮುಗಿಯುತ್ತದೆ. ಎರಡೂ ತಪ್ಪುವ ಟರ್ನ್‌ಗಳೂ ಬರುತ್ತವೆ, ಆಗ ಬೇಜಾರಾಗುತ್ತದೆ. ಆದರೆ ಟೈರನೊಫೆಕ್ಸ್ ಟಫ್‌ನೆಸ್ 12, 16 ವೂಂಡ್‌ನ ಗಟ್ಟಿ ಜೀವಿ. ಮುಂದಿನ ಟರ್ನ್‌ಗೂ ಉಳಿದಿರುವ ಸಾಧ್ಯತೆ ಕಾರ್ನಿಫೆಕ್ಸ್‌ಗಿಂತ ಎಷ್ಟೋ ಜಾಸ್ತಿ. ನಿಮ್ಮ ಗೆಳೆಯನಿಗೆ ಅದರ ಭಯ ಹುಟ್ಟಿತು ಅಂದರೆ ಅವನ ಟ್ಯಾಂಕ್‌ಗಳು ಗೋಡೆ ಹಿಂದೆ ಅಡಗುತ್ತವೆ. ಅಡಗಿದ ಟ್ಯಾಂಕ್ ಆಬ್ಜೆಕ್ಟಿವ್ ಮೇಲಿರುವ ಗಾಂಟ್‌ಗಳನ್ನು ಹೊಡೆಯಲಾರದು. ಅದೂ ಗೆಲುವೇ.

ಎಕ್ಸೊಕ್ರೈನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಜೀವಿ, ಆದರೆ ಮರೀನ್ಸ್ ಎದುರು. ಅದರ ಸ್ಟ್ರೆಂತ್ 9 ರಸ್ ಎದುರು 5+ ಕೇಳುತ್ತದೆ. ಮರೀನ್‌ಗಳ ಮೇಲೆ, ಅದರಲ್ಲೂ ದಪ್ಪ ಕವಚದ ಟರ್ಮಿನೇಟರ್‌ಗಳ ಮೇಲೆ ತಿರುಗಿಸಿದರೆ ಒಳಗೆ ಹೋದ ಒಂದೊಂದು ಗುಂಡೂ ಒಂದೊಂದು ಮಾಡೆಲ್ ತೆಗೆಯುತ್ತದೆ. ಇಬ್ಬರು ಗೆಳೆಯರ ಎದುರೂ ಒಂದೇ ಪಟ್ಟಿ ಆಡುವುದಾದರೆ ಟೈರನೊಫೆಕ್ಸ್ ಮೊದಲು, ಎಕ್ಸೊಕ್ರೈನ್ ಆಮೇಲೆ.

ಮೂರು ಜೊವಾನ್‌ಥ್ರೋಪ್‌ಗಳ ಗುಂಪನ್ನೂ ನಾನು ಬಿಡುವುದಿಲ್ಲ. 24 ಇಂಚು ಮಾತ್ರ ಹೋಗುವುದರಿಂದ ಅವು ಟ್ಯಾಂಕ್ ಹತ್ತಿರಕ್ಕೆ ಬರಬೇಕು. ಆದರೆ ಸ್ಟ್ರೆಂತ್ 12, ಮೇಲಾಗಿ ಯಾವ ಆಯುಧಕ್ಕೂ ಕೆಡದ 4+ ಸೇವ್. ಲ್ಯಾಸ್‌ಕ್ಯಾನನ್ ಕೂಡ ಅವುಗಳ ಮೇಲೆ ಅರ್ಧ ಸಲ ವ್ಯರ್ಥ. ಇವುಗಳಿಂದ ಇನ್ನೊಂದು ದೊಡ್ಡ ಉಪಯೋಗ ಇದೆ, ಇವು ಸಿನಾಪ್ಸ್ ಜೀವಿಗಳು.

ಸಿನಾಪ್ಸ್ ವಿಷಯಕ್ಕೆ ಬರೋಣ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವಾಗ ಮೇಸ್ತ್ರಿ ಪಟ್ಟೆಯ ಹತ್ತಿರ ಇದ್ದರೆ ಸಾಲು ನೆಟ್ಟಗೆ ಸಾಗುತ್ತದೆ, ಆಚೆ ಹೋದರೆ ಗಿಡಕ್ಕೆ ಗಿಡ ಬಿಟ್ಟುಹೋಗುತ್ತದೆ. ಗಾಂಟ್‌ಗಳೂ ಹಾಗೆಯೇ. ಸಿನಾಪ್ಸ್ ಜೀವಿಯಿಂದ 6 ಇಂಚಿನೊಳಗೆ ಇರುವ ಯೂನಿಟ್, ಬ್ಯಾಟಲ್ ಶಾಕ್ ಅನ್ನುವ ಧೈರ್ಯದ ಪರೀಕ್ಷೆಗೆ ಎರಡರ ಬದಲು ಮೂರು ದಾಳ ಉರುಳಿಸುತ್ತದೆ. ಟರ್ಮಗಾಂಟ್‌ಗೆ 8 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಎರಡು ದಾಳದಲ್ಲಿ ಅದು 100ಕ್ಕೆ 42 ಸಲ ಬೀಳುತ್ತದೆ. ಮೂರು ದಾಳದಲ್ಲಿ 84 ಸಲ. ಸರಿಯಾಗಿ ದುಪ್ಪಟ್ಟು! ಪರೀಕ್ಷೆ ಸೋತ ಯೂನಿಟ್‌ನ ಓಸಿ ಸೊನ್ನೆ ಆಗುತ್ತದೆ. ಆರು ಗಾಂಟ್ ಕಳೆದುಕೊಂಡು ನಾಲ್ಕರಲ್ಲಿ ಜಾಗ ಹಿಡಿದಿದ್ದೀರಿ ಅಂದೆನಲ್ಲ, ಆ 8 ಓಸಿ ಉಳಿಯುವುದೂ ಸೊನ್ನೆಯಾಗುವುದೂ ಈ ಪರೀಕ್ಷೆಯ ಮೇಲೆ ನಿಂತಿದೆ. ಅರ್ಧಕ್ಕಿಂತ ಕಡಿಮೆ ಉಳಿದ ಯೂನಿಟ್ ತನ್ನ ಟರ್ನ್ ಶುರುವಿನ ಪ್ರತಿ ಕಮಾಂಡ್ ಫೇಸ್‌ನಲ್ಲೂ ಇದನ್ನು ಎದುರಿಸಬೇಕು. ಆದ್ದರಿಂದ ಆಬ್ಜೆಕ್ಟಿವ್ ಹಿಡಿಯುವ ಗಾಂಟ್‌ಗಳ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, 6 ಇಂಚಿನೊಳಗೆ ಒಂದು ಸಿನಾಪ್ಸ್ ಜೀವಿ ಇರಲೇಬೇಕು.

ನಿಮ್ಮ ಹೈವ್ ಟೈರಂಟ್ ಸಿನಾಪ್ಸ್ ಜೀವಿಯೇ. ಆದರೆ ಅದೊಂದನ್ನೇ ನಂಬಿದರೆ, ಅದು ಬಿದ್ದ ಟರ್ನ್‌ನಲ್ಲಿ ಇಡೀ ಹಿಂಡು ತಲೆ ಇಲ್ಲದಂತಾಗುತ್ತದೆ. 1000 ಪಾಯಿಂಟ್‌ನಲ್ಲಿ ಕನಿಷ್ಠ ಎರಡು ಸಿನಾಪ್ಸ್ ಮೂಲ ಇಟ್ಟುಕೊಳ್ಳಿ, ಮೂರಿದ್ದರೆ ಇನ್ನೂ ಚೆನ್ನ. ರೆಕ್ಕೆಯ ಟೈರನಿಡ್ ಪ್ರೈಮ್ ಕಡಿಮೆ ಪಾಯಿಂಟ್‌ಗೆ ಸಿಗುತ್ತದೆ, ವೇಗವಾಗಿ ಹಾರುತ್ತದೆ, ಗೋಡೆಯ ಹಿಂದೆ ಬಚ್ಚಿಡಲು ಸುಲಭ. ಮುಂದಕ್ಕೆ ನುಗ್ಗಿಸುವ ಆಸೆ ಬರುತ್ತದೆ, ಬೇಡ. ಅದರ ಕೆಲಸ ಬದುಕಿರುವುದು.

ಶ್ಯಾಡೋ ಇನ್ ದ ವಾರ್ಪ್ ಅನ್ನುವ ನಿಯಮವನ್ನು ನೀವು ಯಾವಾಗ ಬಳಸುತ್ತಿದ್ದೀರಿ ಅಂತ ಬರೆದಿಲ್ಲ. ಬಹಳ ಜನ ಮೊದಲ ಟರ್ನ್‌ನಲ್ಲೇ ಉತ್ಸಾಹಕ್ಕೆ ಬಳಸಿಬಿಡುತ್ತಾರೆ. ಇದು ಇಡೀ ಆಟಕ್ಕೆ ಒಂದೇ ಸಲ ಸಿಗುವುದು. ಯಾರ ಕಮಾಂಡ್ ಫೇಸ್‌ನಲ್ಲಿ ಬೇಕಾದರೂ ಬಳಸಬಹುದು, ಆಗ ಟೇಬಲ್ ಮೇಲಿರುವ ಶತ್ರು ಯೂನಿಟ್‌ಗಳೆಲ್ಲ ಬ್ಯಾಟಲ್ ಶಾಕ್ ಪರೀಕ್ಷೆ ಕೊಡಬೇಕು. ನಾನು ಅದನ್ನು ಎದುರಾಳಿಯ ಕಮಾಂಡ್ ಫೇಸ್‌ಗೆ ಇಟ್ಟುಕೊಳ್ಳುತ್ತೇನೆ, ಎರಡನೇ ಅಥವಾ ಮೂರನೇ ರೌಂಡ್‌ನಲ್ಲಿ. ಮುಖ್ಯ ಗುರಿಯ ಅಂಕ ಸಾಮಾನ್ಯವಾಗಿ ಅವರವರ ಕಮಾಂಡ್ ಫೇಸ್ ಕೊನೆಯಲ್ಲಿ ಲೆಕ್ಕವಾಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಅವನ ಯೂನಿಟ್‌ಗಳ ಓಸಿ ಸೊನ್ನೆ ಮಾಡಿದರೆ ಆ ಟರ್ನ್‌ನ ಅಂಕವೇ ಕೈತಪ್ಪುತ್ತದೆ. ಜೊತೆಗೆ ಆ ಶಾಕ್ ಅವನ ಮುಂದಿನ ಕಮಾಂಡ್ ಫೇಸ್‌ವರೆಗೂ ಇರುತ್ತದೆ. ಅಂದರೆ ಅವನ ಒಂದು ಟರ್ನ್, ನಿಮ್ಮ ಒಂದು ಟರ್ನ್, ಎರಡರಲ್ಲೂ ಆ ಯೂನಿಟ್ ಮೇಲೆ ಅವನು ಸ್ಟ್ರಾಟಜೆಮ್ (ವಿಶೇಷ ತಂತ್ರ) ಬಳಸುವ ಹಾಗಿಲ್ಲ. ನಿಮ್ಮ ಕಮಾಂಡ್ ಫೇಸ್‌ನಲ್ಲಿ ಬಳಸಿದರೆ ಇದರ ಅರ್ಧವೇ ಸಿಗುವುದು.

ಆಸ್ಟ್ರಾ ಮಿಲಿಟಾರಮ್ ಎದುರು ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅವರ ಸಾಮಾನ್ಯ ಯೂನಿಟ್‌ಗಳಿಗೆ 7 ಬೇಕು, ಹಾಗಾಗಿ 100ಕ್ಕೆ 42 ಸಲ ಸೋಲುತ್ತವೆ. ಮರೀನ್‌ಗಳಿಗೆ 6 ಸಾಕು, ಅವರು ಸೋಲುವುದು 28 ಸಲ. ಶಾಕ್ ಆದ ಟ್ಯಾಂಕ್ ಗುಂಡು ಹೊಡೆಯುವುದನ್ನು ನಿಲ್ಲಿಸುವುದಿಲ್ಲ, ಅದು ನೆನಪಿರಲಿ.

ಹಾಗಾದರೆ ಟ್ಯಾಂಕ್ ಬಾಯಿ ಮುಚ್ಚಿಸುವುದು ಹೇಗೆ? ಇಲ್ಲಿ ಹಾರ್ಮಗಾಂಟ್ ಬೇಕು. ನನಗೆ ಈ ಇಡೀ ಸೈನ್ಯದಲ್ಲಿ ಅತ್ಯಂತ ಪ್ರೀತಿಯ ಯೂನಿಟ್ ಇದು. ಒಂದು ಟರ್ನ್‌ಗೆ 10 ಇಂಚು ಓಡುತ್ತವೆ. ಅಡ್ವಾನ್ಸ್ ಮಾಡಿದ (ದಾಳ ಉರುಳಿಸಿ ಇನ್ನಷ್ಟು ಓಡಿದ) ಟರ್ನ್‌ನಲ್ಲೂ ಚಾರ್ಜ್ ಮಾಡಬಹುದು, ಅಂದರೆ ಶತ್ರುವಿನ ಮೇಲೆ ನುಗ್ಗಬಹುದು, ಬೇರೆ ಯೂನಿಟ್‌ಗಳಿಗೆ ಸಾಮಾನ್ಯವಾಗಿ ಈ ಅನುಕೂಲ ಇಲ್ಲ. ನಡಿಗೆ, ಅಡ್ವಾನ್ಸ್, ಚಾರ್ಜ್ ಎಲ್ಲ ಸೇರಿ ಸರಾಸರಿ 20 ಇಂಚಿಗೂ ಹೆಚ್ಚು! ಟೇಬಲ್‌ನ ಅಗಲ 44 ಇಂಚು ಅಷ್ಟೇ ಅಲ್ವಾ? ಎರಡನೇ ಟರ್ನ್‌ಗೆ ಅವು ರಸ್‌ನ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತವೆ.

ಟ್ಯಾಂಕನ್ನು ಅವು ಕಚ್ಚಿ ಸಾಯಿಸುವುದಿಲ್ಲ, ಸಾಯಿಸಬೇಕಾಗಿಯೂ ಇಲ್ಲ. ಒಂದು ಇಂಚಿನೊಳಗೆ ಶತ್ರು ನಿಂತಿರುವಾಗ ಟ್ಯಾಂಕ್ ಗುಂಡು ಹೊಡೆಯಬಹುದು, ಆದರೆ ಗುರಿ ಒಂದು ಹೆಜ್ಜೆ ಕೆಡುತ್ತದೆ. 4+ ಇದ್ದದ್ದು 5+ ಆಗುತ್ತದೆ. ಬ್ಲಾಸ್ಟ್ ಆಯುಧವನ್ನಂತೂ ತನ್ನನ್ನು ಹಿಡಿದುಕೊಂಡಿರುವ ಆ ಗಾಂಟ್‌ಗಳ ಮೇಲೆ ಬಳಸುವ ಹಾಗೇ ಇಲ್ಲ. ಅಂದರೆ ದೊಡ್ಡ ಫಿರಂಗಿಗೆ ಅವು ಸಿಗುವುದಿಲ್ಲ. ಹಿಂದೆ ಸರಿದರೆ, ವಿಶೇಷ ನಿಯಮ ಇಲ್ಲದಿದ್ದರೆ, ಆ ಟರ್ನ್ ಗುಂಡು ಹೊಡೆಯುವ ಹಾಗಿಲ್ಲ. ಹತ್ತು ಹಾರ್ಮಗಾಂಟ್‌ಗಳನ್ನು ಅಗಲವಾಗಿ ಹರಡಿ ಎರಡು ಟ್ಯಾಂಕ್‌ಗಳನ್ನು ಒಟ್ಟಿಗೆ ತಟ್ಟಿದರೆ ಅವನ ಒಂದು ಇಡೀ ಟರ್ನ್ ಹಾಳು. ಯೂನಿಟ್‌ನಲ್ಲಿ ಏಳು ಅಥವಾ ಹೆಚ್ಚು ಮಾಡೆಲ್ ಇದ್ದಾಗ ಪ್ರತಿಯೊಂದೂ ಬೇರೆ ಎರಡು ಮಾಡೆಲ್‌ನಿಂದ 2 ಇಂಚಿನೊಳಗೆ ಇರಬೇಕು ಅನ್ನುವ ನಿಯಮ ಇದೆ. ಒಂದೇ ಸಾಲಿನಲ್ಲಿ ಎಳೆದರೆ ತುದಿಯವು ತಪ್ಪುತ್ತವೆ. ಎರಡು ತುದಿಯಲ್ಲೂ ಮೂರು ಮೂರರ ಪುಟ್ಟ ತ್ರಿಕೋನ ಮಾಡಿ, ನಡುವೆ ಉಳಿದವನ್ನು ಎಳೆಯಿರಿ.

ಮರೀನ್ಸ್ ಗೆಳೆಯನಿಗೆ ಜೀನ್‌ಸ್ಟೀಲರ್. 1989ರಲ್ಲಿ ಸ್ಪೇಸ್ ಹಲ್ಕ್ ಆಟ ಬಂದಾಗ ಇಕ್ಕಟ್ಟಿನ ಓಣಿಗಳಲ್ಲಿ ಟರ್ಮಿನೇಟರ್‌ಗಳ ಮೇಲೆ ಮುಗಿಬೀಳುತ್ತಿದ್ದದ್ದು ಇವೇ, ಇವತ್ತಿಗೂ ಅವುಗಳ ಗುಣ ಅದೇ. ಹತ್ತು ಜೀನ್‌ಸ್ಟೀಲರ್ ಕೈಗೆ ಕೈ ಸೇರಿದರೆ 40 ದಾಳ. 2+ ಬಿದ್ದರೆ ತಗುಲಿದಂತೆ. ಮರೀನ್‌ಗಳ ಟಫ್‌ನೆಸ್ 4ರ ಎದುರು 4+ ಬೇಕು, ಆದರೆ ಎದುರಿನವರು ಆಬ್ಜೆಕ್ಟಿವ್ ಹತ್ತಿರ ನಿಂತಿದ್ದರೆ ಬೀಳದ ದಾಳಗಳನ್ನು ಮತ್ತೊಮ್ಮೆ ಉರುಳಿಸಬಹುದು. ಸೇವ್ ಎರಡು ಹೆಜ್ಜೆ ಕೆಡುತ್ತದೆ. ಕೊನೆಗೆ ಸರಾಸರಿ 16ಕ್ಕಿಂತ ಸ್ವಲ್ಪ ಹೆಚ್ಚು ವೂಂಡ್ ಬೀಳುತ್ತದೆ, ಅಂದರೆ ಎಂಟು ಮರೀನ್. ಆಬ್ಜೆಕ್ಟಿವ್ ಹಿಡಿದು ಕೂತ ಯಾವ ಮರೀನ್ ಗುಂಪೂ ಇದನ್ನು ತಡೆಯಲಾರದು. ಆದರೆ ಇವು ಬಯಲಲ್ಲಿ ನಿಂತರೆ ಬೇಗ ಸಾಯುತ್ತವೆ. ಮುಂದೆ ಬಂದು ಗೋಡೆಯ ಹಿಂದೆ ಕಾದಿರಲಿ, ಅವನು ಆಬ್ಜೆಕ್ಟಿವ್‌ಗೆ ಬಂದ ಮೇಲೆ ಹೊಡೆಯಿರಿ. ತಾಳ್ಮೆ ಇಲ್ಲದವರಿಗೆ ಈ ಯೂನಿಟ್ ಆಗಿಬರುವುದಿಲ್ಲ.

ಗೋಡೆಯ ಮಾತು ಬಂತು, ಒಂದು ಪ್ರಶ್ನೆ ನಾನೇ ಕೇಳುತ್ತೇನೆ. ನಿಮ್ಮ ಟೇಬಲ್ ಮೇಲೆ ಎಷ್ಟು ಗೋಡೆ ಇದೆ? ಊಟದ ಟೇಬಲ್ ಮೇಲೆ ನಾಲ್ಕು ಪುಸ್ತಕ ಇಟ್ಟು ಆಡುತ್ತಿದ್ದರೆ ಟ್ಯಾಂಕ್ ಇಟ್ಟವನೇ ಗೆಲ್ಲುತ್ತಾನೆ, ನೀವು ಯಾವ ಯೂನಿಟ್ ತಂದರೂ ಅಷ್ಟೇ. ಆಟದ ಅಳತೆ 44 ಇಂಚು 60 ಇಂಚು. 8 ಅಡಿ 4 ಅಡಿಯ ಪ್ಲೈವುಡ್ ಹಾಳೆ ತಂದು ಉದ್ದವನ್ನು 60 ಇಂಚಿಗೆ ಕುಯ್ಯಿಸಿದರೆ ಅಗಲ 48 ಸಿಗುತ್ತದೆ, ಅಂಚಿನಲ್ಲಿ ದಾಳ ಇಡಲು ಜಾಗವೂ ಉಳಿಯುತ್ತದೆ. ಅದರ ಮೇಲೆ ಥರ್ಮಾಕೋಲ್, ರಟ್ಟಿನಿಂದ ಎತ್ತರದ ಪಾಳುಗೋಡೆಗಳನ್ನು ಮಾಡಿ ನಿಲ್ಲಿಸಿ. ಹಳೇಬೀಡು ನಿಮಗೆ ಹತ್ತಿರ. ಅಲ್ಲಿನ ನಕ್ಷತ್ರದ ಆಕಾರದ ಜಗತಿಯ ನಕ್ಷೆ ತಗೊಂಡು ಮುರಿದ ಕಟ್ಟೆ, ಕಂಬ ಮಾಡಿದರೆ ಬೇರೆ ಎಲ್ಲೂ ಇಲ್ಲದ ಟೇಬಲ್ ಆಗುತ್ತದೆ. ಎಷ್ಟು ಚೆಂದ ಇರುತ್ತದೆ ಯೋಚಿಸಿ.

ನಿಯಮದಲ್ಲಿ ಪಾಳುಗೋಡೆ ಗಾಂಟ್‌ಗಳ ಪಕ್ಷ. ಇನ್‌ಫೆಂಟ್ರಿ (ಕಾಲಾಳು) ಯೂನಿಟ್‌ಗಳು ಪಾಳುಗೋಡೆಯ ಒಳಗೇ ಹಾದುಹೋಗಬಹುದು. ಟರ್ಮಗಾಂಟ್, ಹಾರ್ಮಗಾಂಟ್, ಜೀನ್‌ಸ್ಟೀಲರ್ ಎಲ್ಲವೂ ಇನ್‌ಫೆಂಟ್ರಿ. ಕಾರ್ನಿಫೆಕ್ಸ್‌ನಂಥ ಮಾನ್‌ಸ್ಟರ್‌ಗಳೂ ಟ್ಯಾಂಕ್‌ಗಳೂ ಸುತ್ತು ಹಾಕಬೇಕು. ದಟ್ಟ ಗೋಡೆ ಇರುವ ಟೇಬಲ್‌ನಲ್ಲಿ ನಿಮ್ಮ ದೊಡ್ಡ ಜೀವಿ ಓಣಿಯಲ್ಲಿ ಸಿಕ್ಕಿಕೊಂಡಾಗ ಹಾರ್ಮಗಾಂಟ್ ನೆಟ್ಟಗೆ ದಾಟಿ ಹೋಗಿರುತ್ತದೆ.

ನಿಮ್ಮ ಹಿಂದಿನ ಸಾಲಿಗೆ ಕಾವಲು ಬೇಕು. ಡೀಪ್ ಸ್ಟ್ರೈಕ್ ಮಾಡಿ, ಅಂದರೆ ಆಟದ ನಡುವೆ ನೇರ ಟೇಬಲ್ ಮೇಲೆ, ಇಳಿಯುವ ಟರ್ಮಿನೇಟರ್‌ಗಳು ನಿಮ್ಮ ಯಾವುದೇ ಮಾಡೆಲ್‌ನಿಂದ 9 ಇಂಚಿಗಿಂತ ದೂರ ಇಳಿಯಬೇಕು. ಒಂದು ಟರ್ಮಗಾಂಟ್ ಗುಂಪು ಮನೆಯ ಆಬ್ಜೆಕ್ಟಿವ್ ಮೇಲೆ ಹರಡಿ ಕೂತರೆ ಸುತ್ತ ಅಷ್ಟು ಜಾಗ ಮುಚ್ಚಿಹೋಗುತ್ತದೆ. ಟೈರನೊಫೆಕ್ಸ್ ಬೆನ್ನಿಗೆ ಯಾರೂ ಇಳಿಯಲಾರರು. ಶತ್ರು 9 ಇಂಚಿನೊಳಗೆ ಬಂದು ನಿಂತಾಗ ಟರ್ಮಗಾಂಟ್‌ಗಳು ಒಂದು ಟರ್ನ್‌ಗೆ ಒಂದು ಸಲ ಒಂದು ದಾಳದಷ್ಟು ಇಂಚು ಜರುಗಬಹುದು. ಇದನ್ನು ಬಹಳ ಜನ ಮರೆಯುತ್ತಾರೆ. ಅವನು ಚಾರ್ಜ್‌ಗೆ ದೂರ ಲೆಕ್ಕ ಹಾಕಿ ಬಂದು ನಿಂತ ಮೇಲೆ ನೀವು ನಾಲ್ಕು ಇಂಚು ಹಿಂದೆ ಸರಿದರೆ ಆ ಲೆಕ್ಕವೆಲ್ಲ ತಲೆಕೆಳಗು.

ಬಯೋವೋರ್ ಒಂದು ಇರಲಿ. ಗುಂಡು ಹೊಡೆಯುವ ಬದಲು 48 ಇಂಚಿನೊಳಗೆ ಸ್ಪೋರ್ ಮೈನ್ ಬಿತ್ತಬಹುದು, ಶತ್ರುವಿನಿಂದ 9 ಇಂಚು ಆಚೆ. ಆ ಮೈನ್‌ಗಳ ಓಸಿ ಸೊನ್ನೆ, ಆಬ್ಜೆಕ್ಟಿವ್ ಹಿಡಿಯುವುದಿಲ್ಲ. ಆದರೆ ಟ್ಯಾಂಕ್ ಬರುವ ದಾರಿಗೆ ಅಡ್ಡ ನಿಲ್ಲುತ್ತವೆ, ಡೀಪ್ ಸ್ಟ್ರೈಕ್ ಜಾಗ ಮುಚ್ಚುತ್ತವೆ. ಇಡೀ ಆಟ ಹಿಂದಿನ ಗೋಡೆ ಬಿಟ್ಟು ಬರದೆ ಕೆಲಸ ಮಾಡುವ ಜೀವಿ ಇದು.

ಬಾರ್ಬ್‌ಗಾಂಟ್, ವಾನ್ ರಯನ್ಸ್ ಲೀಪರ್, ಸೈಕೋಫೇಜ್ ಬಗ್ಗೆ ಚುಟುಕಾಗಿ. ಬಾರ್ಬ್‌ಗಾಂಟ್ ಹೊಡೆದ ಇನ್‌ಫೆಂಟ್ರಿ ನಿಧಾನ ಆಗುತ್ತದೆ. ಮರೀನ್ಸ್ ಎದುರು ಒಳ್ಳೆಯದು, ಟ್ಯಾಂಕ್ ಎದುರು ಬೇಡ. ಲೀಪರ್‌ಗಳು ಮುಂದೆ ಹೋಗಿ ಅಡಗುತ್ತವೆ, ತಮ್ಮ ಮೇಲೆ ಯಾರಾದರೂ ಬಿದ್ದರೆ ಅವೇ ಮೊದಲು ಹೊಡೆಯುತ್ತವೆ. ಮೂರೇ ಇದ್ದರೂ ಮರೀನ್‌ಗಳಿಗೆ ಕಿರಿಕಿರಿ. ಸೈಕೋಫೇಜ್ ನೋಡಲು ಚೆಂದ, 1000 ಪಾಯಿಂಟ್‌ನಲ್ಲಿ ಅದಕ್ಕೆ ಕೊಡುವ ಪಾಯಿಂಟ್ ಬೇರೆ ಕಡೆ ಹಾಕುವುದು ವಾಸಿ.

ಡಿಟ್ಯಾಚ್‌ಮೆಂಟ್ (ಇಡೀ ಸೈನ್ಯಕ್ಕೆ ಆರಿಸುವ ನಿಯಮಗಳ ಕಟ್ಟು) ಇನ್ವೇಷನ್ ಫ್ಲೀಟ್ ಇರಲಿ. ಆಟದ ಶುರುವಿನಲ್ಲಿ ಎದುರಾಳಿ ಯಾರು ಅಂತ ನೋಡಿ ನಿಮ್ಮ ಹಿಂಡಿನ ಗುಣ ಆರಿಸಬಹುದು. ರಸ್ ಗೆಳೆಯನ ಎದುರು ಮಾನ್‌ಸ್ಟರ್ ಮತ್ತು ವಾಹನಗಳ ಮೇಲೆ ಲೀಥಲ್ ಹಿಟ್ಸ್ ಕೊಡುವುದನ್ನು ಆರಿಸಿ. ತಗುಲಲು ಉರುಳಿಸಿದ ದಾಳ 6 ಬಿದ್ದರೆ ಟಫ್‌ನೆಸ್ ನೋಡದೆ ನೇರ ವೂಂಡ್. 20 ಟರ್ಮಗಾಂಟ್ ರಸ್ ಮೇಲೆ ತೆಗೆಯುವ ಕಾಲು ವೂಂಡ್ ಇದರಿಂದ ಮುಕ್ಕಾಲು ಆಗುತ್ತದೆ. ಆಗಲೂ ಅವು ಟ್ಯಾಂಕ್ ಒಡೆಯುವವಲ್ಲ, ಆದರೆ ಟೈರನೊಫೆಕ್ಸ್ ಅಲ್ಪ ಜೀವದಲ್ಲಿ ಬಿಟ್ಟ ರಸ್ ಅನ್ನು ಮುಗಿಸಿದರೂ ಮುಗಿಸಬಹುದು. ಮರೀನ್ಸ್ ಎದುರು ಇನ್‌ಫೆಂಟ್ರಿ ಮೇಲೆ ಸಸ್ಟೇನ್ಡ್ ಹಿಟ್ಸ್ ಆರಿಸಿ, ಜೀನ್‌ಸ್ಟೀಲರ್‌ಗಳ 40 ದಾಳದಲ್ಲಿ ಬೀಳುವ ಒಂದೊಂದು 6ಕ್ಕೂ ಇನ್ನೊಂದು ಪೆಟ್ಟು ಸಿಗುತ್ತದೆ.

ಹಾಗಾಗಿ ನನ್ನ 1000 ಪಾಯಿಂಟ್‌ನ ಹಿಂಡು ಹೀಗಿರುತ್ತದೆ. ಹತ್ತರ ಎರಡು ಟರ್ಮಗಾಂಟ್ ಗುಂಪು, ಹತ್ತು ಹಾರ್ಮಗಾಂಟ್, ಹತ್ತು ಜೀನ್‌ಸ್ಟೀಲರ್, ಮೂರು ಜೊವಾನ್‌ಥ್ರೋಪ್, ರೆಕ್ಕೆಯ ಪ್ರೈಮ್, ಒಂದು ಬಯೋವೋರ್, ಒಂದು ಟೈರನೊಫೆಕ್ಸ್. ಉಳಿದ ಪಾಯಿಂಟ್‌ಗೆ ನಿಮ್ಮ ಹತ್ತಿರ ಈಗಾಗಲೇ ಇರುವ ಒಂದು ಕಾರ್ನಿಫೆಕ್ಸ್ ಅಥವಾ ಸ್ಕ್ರೀಮರ್ ಕಿಲ್ಲರ್. 20 ಟರ್ಮಗಾಂಟ್‌ಗಳನ್ನು ಒಂದೇ ಗುಂಪು ಮಾಡಬೇಡಿ. ಇಪ್ಪತ್ತಿದ್ದರೆ ಬ್ಲಾಸ್ಟ್‌ಗೆ ನಾಲ್ಕು ಗುಂಡು ಜಾಸ್ತಿ, ಎರಡು ಹತ್ತು ಮಾಡಿದರೆ ಎರಡು ಜಾಗ ಹಿಡಿಯಬಹುದು.

ಇಷ್ಟೆಲ್ಲ ಒಂದೇ ಸಲ ಕೊಳ್ಳಬೇಡಿ. ಇವು ಸಸ್ತಾ ಅಲ್ಲ, ಕೊರಿಯರ್‌ಗೂ ಕಾಯಬೇಕು. ಗೊಂಬೆಯ ಬುಡದ ಅಳತೆಗೆ ಸರಿಯಾಗಿ ರಟ್ಟು ವೃತ್ತವಾಗಿ ಕತ್ತರಿಸಿ, ಹೆಸರು ಬರೆದು, ಗೆಳೆಯರಿಗೆ ಮೊದಲೇ ಹೇಳಿ ಕೆಲವು ಭಾನುವಾರ ಆಡಿ ನೋಡಿ. ಕೈಗೆ ಹಿಡಿಸಿದ್ದನ್ನು ಕೊಳ್ಳಿ. ಟೈರನೊಫೆಕ್ಸ್‌ನ ಡಬ್ಬದಲ್ಲೇ ಟರ್ವಿಗನ್ ಮಾಡುವ ಭಾಗಗಳೂ ಬರುತ್ತವೆ, ಎಕ್ಸೊಕ್ರೈನ್ ಡಬ್ಬದಲ್ಲಿ ಹ್ಯಾರುಸ್ಪೆಕ್ಸ್. ಗನ್ ಕೂರುವ ಜಾಗದಲ್ಲಿ ಪುಟ್ಟ ಅಯಸ್ಕಾಂತ ಕೂರಿಸಿದರೆ ಬೇಕಾದಾಗ ಆಯುಧ ಬದಲಾಯಿಸಬಹುದು.

ಬಣ್ಣ ಹಚ್ಚುವುದನ್ನು ಮುಂದೂಡಬೇಡಿ, 10 ಅಂಕ ಸುಮ್ನೆ ಹೋಗುತ್ತದೆ. ಒಂದೇ ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿಯಲ್ಲಿ ನೀರು ಜಾಸ್ತಿ. ಸ್ಪ್ರೇ ಪ್ರೈಮರ್ ಹೊಡೆದರೆ ಮೈ ಮರಳು ಮರಳಾಗಿ, ಬೆಳ್ಳಗೆ ಕೂರುತ್ತದೆ. ಮಳೆಗಾಲದಲ್ಲಿ ಬ್ರಶ್‌ನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ತಿಳಿ ಬಣ್ಣದ ಪ್ರೈಮರ್ ಮೇಲೆ ತೆಳು ಕಾಂಟ್ರಾಸ್ಟ್ ಬಣ್ಣ ಒಂದು ಕೋಟ್, ಚಿಪ್ಪಿಗೆ ಬೇರೆ ಬಣ್ಣ, ಬುಡಕ್ಕೆ ಸ್ವಲ್ಪ ಮರಳು. ಹತ್ತು ಗಾಂಟ್ ಸಾಲಾಗಿ ಇಟ್ಟುಕೊಂಡು ಒಂದೊಂದೇ ಬಣ್ಣ ಎಲ್ಲಕ್ಕೂ ಹಚ್ಚುತ್ತಾ ಹೋದರೆ ಬೇಗ ಮುಗಿಯುತ್ತದೆ.

ಕೊನೆಗೆ ನಾರ್ನ್ ಎಮಿಸರಿ. ಬಹಳ ಒಳ್ಳೆಯ ಜೀವಿ, ಆಸೆ ಪಡುವುದರಲ್ಲಿ ತಪ್ಪಿಲ್ಲ. ಒಂದು ಆಬ್ಜೆಕ್ಟಿವ್ ಆರಿಸಿ ಅದರ ಹತ್ತಿರ ನಿಲ್ಲಿಸಿದರೆ ಅದರ ಓಸಿ 15 ಆಗುತ್ತದೆ, 4+ ಸೇವ್ ಕೆಡುವುದಿಲ್ಲ, ಅದರ ಮೇಲೆ ಇನ್ನೊಂದು 5+ ತಡೆಯೂ ಸಿಗುತ್ತದೆ. ಆದರೆ 1000ದಲ್ಲಿ ಕಾಲು ಭಾಗಕ್ಕೂ ಹೆಚ್ಚು ಪಾಯಿಂಟ್ ಅದೊಂದೇ ತಿನ್ನುತ್ತದೆ, ಮೂರು ರಸ್ ಅದೊಂದನ್ನೇ ನೋಡುತ್ತಾ ಕೂರುತ್ತವೆ. ನೀವೆಲ್ಲ 2000 ಪಾಯಿಂಟ್‌ಗೆ ಹೋದಾಗ ಕೊಳ್ಳಿ. ಆಗ ಮಧ್ಯದ ಆಬ್ಜೆಕ್ಟಿವ್ ಅದಕ್ಕೆ ಕೊಡಿ, ಎರಡು ಪಕ್ಕದ ಆಬ್ಜೆಕ್ಟಿವ್‌ಗಳಲ್ಲಿ ಟರ್ಮಗಾಂಟ್ ಇಡಿ, ಹಾರ್ಮಗಾಂಟ್‌ಗಳನ್ನು ಅವನ ಟ್ಯಾಂಕ್‌ಗಳ ಮೇಲೆ ಬಿಡಿ.